ಅಕ್ಕನ ಕೋಲಿನ ತುದಿ

ಅಕ್ಕ ಮೆಟ್ಟಿಲಿಂದ ಬಿದ್ದದ್ದು ತಲೆ ಸುತ್ತಿ ಅಲ್ಲ. ಒಂದೂವರೆ ತಿಂಗಳ ಕಾಲ ಈ ಸಂಗತಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ನನಗೆ ಮತ್ತು ನಮ್ಮ ನಾಯಿ ಗೋಲಿಗೆ. ಗೋಲಿಗೆ ಮಾತು ಬರುವುದಿಲ್ಲ. ನನಗೆ ಬರುತ್ತದೆ, ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತದೆ. ಬೇಡದ ಕಡೆಯೆಲ್ಲ ಬಾಯಿ ಹಾಕಿ ಬೈಸಿಕೊಳ್ಳುವ ಜಾತಿ ನನ್ನದು. ಹೇಳಲೇಬೇಕಾದ ಈ ಒಂದು ಮಾತಿಗೆ ಮಾತ್ರ ಬಾಯಿಗೆ ಬೀಗ ಬಿತ್ತು.

ನಾನು ಅಂಗಡಿಗಳಿಗೆ ಬೋರ್ಡು ಬರೆಯುವವನು. ನಮ್ಮ ಕಸುಬಿನಲ್ಲಿ ಒಂದು ಕೋಲಿರುತ್ತದೆ, ಮೂರಡಿ ಉದ್ದ, ತುದಿಗೆ ಬಟ್ಟೆ ಸುತ್ತಿದ ಉಂಡೆ. ಆ ಉಂಡೆಯನ್ನು ಬೋರ್ಡಿನ ಅಂಚಿಗೆ ಊರಿ, ಕೋಲಿನ ಮೇಲೆ ಬಲಗೈ ಇಟ್ಟು ಬರೆದರೆ ಗೆರೆ ನಡುಗುವುದಿಲ್ಲ, ಹಸಿ ಬಣ್ಣಕ್ಕೆ ಕೈ ತಾಗುವುದೂ ಇಲ್ಲ. ಹೋದ ವರ್ಷ ನಾಯಿಗಳಿಗೆ ಪಾಠ ಹೇಳಿಕೊಡುವ ಒಬ್ಬ ಹೆಂಗಸಿನ ಬೋರ್ಡು ಬರೆಯಲು ಹೋಗಿದ್ದೆ. ಕುತ್ತಿಗೆಯಲ್ಲಿ ಯಾವಾಗಲೂ ಸೀಟಿ ನೇತುಹಾಕಿಕೊಂಡಿರುತ್ತಿದ್ದರಿಂದ ಸುತ್ತಮುತ್ತಲಿನವರೆಲ್ಲ ಅವರನ್ನು ಸೀಟಿ ಮೇಡಂ ಎನ್ನುತ್ತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಅವರು ನಕ್ಕರು.

“ಅಯ್ಯೋ, ನಿಮ್ಮ ಕೈಲೂ ನಮ್ಮ ಕೋಲೇ ಇದ್ಯಲ್ರೀ!”

ಅವರ ಕೋಲು ಹಳೆಯ ರೇಡಿಯೋದ ಕಡ್ಡಿಯ ಹಾಗೆ ಎಳೆದರೆ ಉದ್ದವಾಗುತ್ತಿತ್ತು, ತುದಿಯಲ್ಲಿ ಕೆಂಪು ಚೆಂಡು. ಅವರು ಅದನ್ನು ಒಂದು ಸೋಮಾರಿ ನಾಯಿಯ ಮುಂದೆ ಹಿಡಿದರು. ಇದೇನು ಎಂದು ನಾಯಿ ಮೂತಿ ತಾಗಿಸಿತು. ತಾಗಿದ ಆ ಕ್ಷಣಕ್ಕೇ ಅವರು ನಾಲಿಗೆಯಿಂದ ‘ಟಕ್’ ಅಂದರು, ಒಂದು ಚೂರು ಬಿಸ್ಕತ್ತು ಕೊಟ್ಟರು. ಅಷ್ಟೇ. ಆಮೇಲೆ ಚೆಂಡು ಎಲ್ಲಿಗೆ ಹೋದರೆ ನಾಯಿಯ ಮೂತಿ ಅಲ್ಲಿಗೆ ಹೋಯಿತು. ಹೊಡೆತವಿಲ್ಲ, ಬೈಗುಳವಿಲ್ಲ, ಸರಪಳಿ ಎಳೆಯುವುದಿಲ್ಲ. ನಾನು ಕುಂಚ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತೆ. ಅವತ್ತು ಎರಡೇ ಅಕ್ಷರ ಬರೆದದ್ದು.

ಬೋರ್ಡು ಮುಗಿಯುವ ಹೊತ್ತಿಗೆ ಅವರು ನನಗೂ ಪಾಠ ಹೇಳಿಕೊಟ್ಟಿದ್ದರು. ಕೊನೆಗೆ ಒಂದು ಮಾತನ್ನು ಎರಡು ಸಲ ಹೇಳಿದರು. “ನೋಡಿ, ಆಟಕ್ಕೆ ಅಂತ ಒಂದೇ ಕೋಲು ಇಟ್ಕೊಳ್ಳಿ. ಆಟ ಮುಗೀತು ಅಂದ್ರೆ ಅದು ಅಟ್ಟಕ್ಕೆ ಹೋಗ್ಬೇಕು. ಕಂಡ ಕಂಡ ಕೋಲೆಲ್ಲ ಆಟದ್ದೇ ಅಂತ ನಾಯಿಗೆ ಅನ್ನಿಸ್ಬಾರ್ದು.” ನಾನು ಹೂಂಗುಟ್ಟಿದೆ. ಹೂಂಗುಟ್ಟುವುದರಲ್ಲಿ ನನಗೆ ಸಾಟಿ ಇಲ್ಲ.

ಗೋಲಿ ಎರಡು ವರ್ಷದ ಕಂದು ನಾಯಿ. ಕಣ್ಣು ಗುಂಡಗೆ ಗಾಜಿನ ಗೋಲಿಯ ಹಾಗಿದ್ದದ್ದರಿಂದ ಆ ಹೆಸರು. ತಿನ್ನುವುದು, ಮಲಗುವುದು, ಚಪ್ಪಲಿ ಕಚ್ಚುವುದು ಬಿಟ್ಟು ಅದಕ್ಕೆ ಬೇರೆ ವಿದ್ಯೆ ಇರಲಿಲ್ಲ. ನನ್ನ ಕೋಲಿನ ಉಂಡೆಗೆ ಕೆಂಪು ಬಣ್ಣ ಹಚ್ಚಿ ಶುರು ಮಾಡಿದೆ. ಮೊದಲ ದಿನ ಮೂತಿ ತಾಗಿಸುವುದು ಬಂತು. ನಾಲ್ಕನೇ ದಿನ ಉಂಡೆಯನ್ನು ಅದರ ಮೂತಿಯ ಮುಂದೆ ಮೆಲ್ಲಗೆ ಸುತ್ತು ಹಾಕಿಸಿದರೆ ತಾನೂ ಗಿರ್ರನೆ ಒಂದು ಸುತ್ತು ಸುತ್ತುತ್ತಿತ್ತು. ಆಮೇಲೆ ಸ್ಟೂಲು ಹತ್ತಿ ಕೂರುವುದು, ನನ್ನ ಕಾಲುಗಳ ನಡುವೆ ತೂರಿ ಬರುವುದು, ಮುಂಗಾಲು ಚಾಚಿ ತಲೆ ಬಗ್ಗಿಸುವುದು. ಬಾಗಿಲಿಗೆ ಕೆಂಪು ಕಾಗದದ ಚೂರು ಅಂಟಿಸಿ ಅದನ್ನು ಉಂಡೆಯಿಂದ ತೋರಿಸಿ ತೋರಿಸಿ, ಕೊನೆಗೆ ಮೂತಿಯಿಂದ ಬಾಗಿಲು ನೂಕಿ ಮುಚ್ಚುವುದನ್ನೂ ಕಲಿಸಿದೆ. ಇದಕ್ಕೆಲ್ಲ ಹೆಚ್ಚು ಕುಣಿದವಳು ನನ್ನ ಅಕ್ಕ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ, ನಮ್ಮ ಜೊತೆಯೇ ಇದ್ದಾಳೆ. ಊರಿನ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟುವ ಕೆಲಸ ಅವಳದು. ಮೂವತ್ತು ವರ್ಷದ ಕೆಲಸ. ಎಡ ಮೊಣಕಾಲು ಹಿಂದೆಂದೋ ಬಸ್ಸಿನ ಬಾಗಿಲಿಗೆ ಸಿಕ್ಕಿ ಕೆಟ್ಟಿತ್ತು, ಅದಕ್ಕೇ ಕೋಲು. ಕಪ್ಪು ಕೋಲು, ತುದಿಗೆ ಜಾರದ ಹಾಗೆ ದಪ್ಪ ರಬ್ಬರಿನ ಟೋಪಿ. ಆ ಕೋಲು ಹಿಡಿದು ಅವಳು ದಿನಾ ಹನ್ನೆರಡು ಮೆಟ್ಟಿಲಿಳಿದು, ಎರಡು ರಸ್ತೆ ದಾಟಿ, ಒಬ್ಬಳೇ ಕೆಲಸಕ್ಕೆ ಹೋಗುತ್ತಿದ್ದಳು. ಮಳೆ ಬಂದರೂ ಸರಿ, ಬಿಡುತ್ತೇನೆ ಬಾ ಎಂದರೆ ಬರುತ್ತಿರಲಿಲ್ಲ. “ನನ್ನ ಕಾಲಿಗೆ ಸಂಬಳ ಕೊಡೋರು ನೀವಲ್ಲ, ಸುಮ್ನಿರಿ” ಎನ್ನುತ್ತಿದ್ದಳು.

ಒಂದು ಭಾನುವಾರ ಹೆಂಡತಿಯ ಅಣ್ಣ ಬಂದ. ಅವನಿಗೂ ನನಗೂ ಎಣ್ಣೆ ಸೀಗೆಕಾಯಿ. ಬಂದವನೇ, “ಏನು ಭಾವ, ಈಗೆಲ್ಲ ಬೋರ್ಡು ಮಿಷನ್ನೇ ಬರಿಯುತ್ತಂತೆ, ನೀವು ನಾಯಿ ಕುಣಿಸ್ತಿದ್ದೀರಂತೆ?” ಎಂದ. ನನಗೆ ಮೈ ಉರಿದುಹೋಯಿತು. ತೋರಿಸಿಯೇ ಬಿಡುತ್ತೇನೆ ಎಂದು ಎದ್ದೆ. ನನ್ನ ಕೋಲು ಕೆಲಸದ ಜಾಗದಲ್ಲಿ ಉಳಿದುಬಿಟ್ಟಿತ್ತು. ಅಕ್ಕ ಊಟ ಮಾಡಿ ಒಳಗೆ ಮಲಗಿದ್ದಳು. ಅವಳ ಕೋಲು ಕುರ್ಚಿಗೆ ಒರಗಿಕೊಂಡಿತ್ತು.

ಕೈಗೆ ತೆಗೆದುಕೊಂಡೆ, ತಲೆಕೆಳಗು ಮಾಡದೆ ಹಾಗೇ ಮುಂದೆ ಚಾಚಿದೆ. ಗೋಲಿ ಮೊದಲು ನನ್ನ ಮುಖ ನೋಡಿತು. ಆ ರಬ್ಬರಿನ ಟೋಪಿ ಅದಕ್ಕೆ ಹೊಸದು. ಬಿಸ್ಕತ್ತಿನ ಪುಡಿಯನ್ನು ಟೋಪಿಗೆ ಉಜ್ಜಿದೆ. ಮೂತಿ ತಾಗಿತು. ಟಕ್. ಒಂದರ ಬದಲು ಎರಡು ಚೂರು ಕೊಟ್ಟೆ. ಅಲ್ಲಿಂದ ಮುಂದೆ ಅದನ್ನು ಹಿಡಿಯುವವರಿಲ್ಲ. ಸುತ್ತಿತು, ಬಗ್ಗಿತು, ಬಾಗಿಲು ಮುಚ್ಚಿತು. ಹೆಂಡತಿಯ ಅಣ್ಣ ಚಪ್ಪಾಳೆ ಹೊಡೆದ. ಯಾವ ಕೋಲು ಎಂದು ಯಾರು ನೋಡುತ್ತಾರೆ, ಎಲ್ಲರೂ ನಾಯಿಯನ್ನೇ ನೋಡುತ್ತಿದ್ದರು. ನನ್ನ ಎದೆ ಎರಡು ಇಂಚು ಉಬ್ಬಿತ್ತು, ಈಗ ಬರೆಯುವಾಗ ಆ ಎದೆಯ ಮೇಲೆ ಉಗಿಯಬೇಕೆನಿಸುತ್ತದೆ.

ಅವತ್ತಿಗೇ ನಿಲ್ಲಿಸಿದ್ದರೆ ಏನಾದರೂ ಹೇಳಿಕೊಳ್ಳಬಹುದಿತ್ತು. ಆದರೆ ಮೈಗಳ್ಳತನ ಯಾರನ್ನು ಬಿಟ್ಟಿದೆ. ನನ್ನ ಕೋಲು ಹೊತ್ತು ತರುವುದೇಕೆ, ಇದು ಮನೆಯಲ್ಲೇ ಇದೆಯಲ್ಲ ಎಂದು, ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋದ ಇಪ್ಪತ್ತು ನಿಮಿಷ ದಿನಾ ಅವಳ ಕೋಲಿನಲ್ಲೇ ಆಟವಾಡಿಸಿದೆ. ನೀರಿನ ಸದ್ದು ನಿಂತಿತೆಂದರೆ ಕೋಲು ಮತ್ತೆ ಕುರ್ಚಿಗೆ. ಹೀಗೆ ಹತ್ತು ದಿನ. ಟೋಪಿ ನೆಲಕ್ಕೆ ಊರಿದ್ದಾಗಲೂ ಬಂದು ಮೂತಿಯಿಂದ ಬಲವಾಗಿ ನೂಕುವುದನ್ನು ಗೋಲಿ ಆ ಹತ್ತು ದಿನದಲ್ಲಿ ತಾನಾಗಿ ಕಲಿತುಕೊಂಡಿತು. ನನಗೆ ನಗು ಬಂತು. ಅದಕ್ಕೂ ಟಕ್ ಅಂದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೊರಟಳು. ನಾನು ಮೇಲೆ ಬಾಗಿಲಿಗೆ ಬೀಗ ಹಾಕಿ ತಿರುಗಿದ್ದೆ, ಕೈಯಲ್ಲಿ ಬಣ್ಣದ ಡಬ್ಬಿಗಳ ಚೀಲ. ಗೋಲಿ ಮುಂದೆ ಓಡಿ ಕೆಳಗಿನ ಮೆಟ್ಟಿಲ ಹತ್ತಿರ ನಿಂತಿತ್ತು. ಅಕ್ಕ ಏಳನೆಯ ಮೆಟ್ಟಿಲಿಗೆ ಬಂದು, ಕೋಲನ್ನು ಕೆಳಗಿನ ಮೆಟ್ಟಿಲಿಗೆ ಊರಿ, ಮೈಭಾರವನ್ನು ಅದರ ಮೇಲೆ ಬಿಟ್ಟಳು. ಗೋಲಿ ಮೇಲೆ ಹಾರಿ ಬಂದು ಟೋಪಿಯನ್ನು ಮೂತಿಯಿಂದ ಪಕ್ಕಕ್ಕೆ ನೂಕಿತು. ನಾನು ಕಣ್ಣಾರೆ ಕಂಡೆ. ಅಕ್ಕ ಉಳಿದ ಮೆಟ್ಟಿಲುಗಳನ್ನು ಮೈಯಿಂದಲೇ ಇಳಿದು ನೆಲಕ್ಕೆ ಬಲಗೈ ಕೊಟ್ಟಳು. ಮಣಿಕಟ್ಟು ಮುರಿದ ಸದ್ದು ಮೇಲಿದ್ದ ನನಗೂ ಕೇಳಿಸಿತು.

ನಾನು ಓಡಿ ಇಳಿದೆ. ಅಕ್ಕನ ಪಕ್ಕ ಕುಕ್ಕರಿಸಿದೆ. ಆಗ ಗೋಲಿ ಬಂದು ನನ್ನೆದುರು ನೀಟಾಗಿ ಕೂತುಕೊಂಡಿತು. ಬಾಲದಿಂದ ನೆಲ ಗುಡಿಸುತ್ತಾ ನನ್ನ ಜೇಬನ್ನೇ ನೋಡಿತು. ಕೆಲಸ ಮಾಡಿದ್ದೇನೆ, ಕೊಡು ಎಂದು. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ನಾಯಿಯನ್ನು ಅಲ್ಲಿಂದ ತೊಲಗಿಸಬೇಕಿತ್ತು, ಯಾರಾದರೂ ನೋಡಿ ಏನೆಂದು ಕೇಳುವ ಮೊದಲು. ಬಿಸ್ಕತ್ತಿನ ಒಂದು ಚೂರು ಕೊಟ್ಟೆ. ಅಕ್ಕ ನೋವಿಗೆ ಕಣ್ಣು ಮುಚ್ಚಿದ್ದಳು, ನೋಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. “ಹೇಗೆ ಬಿದ್ರಿ? ತಲೆ ಸುತ್ತಿತಾ?”

“ಗೊತ್ತಾಗ್ಲಿಲ್ಲ ಡಾಕ್ಟ್ರೇ. ಕೋಲು ಊರಿದ್ದೆ. ಭಾರ ಬಿಟ್ಟೆ. ನೋಡಿದ್ರೆ ಕೋಲೇ ಇಲ್ಲ ಅನ್ನೋ ಹಾಗಾಯ್ತು.”

ಅವರು ನನ್ನ ಕಡೆ ತಿರುಗಿದರು. “ನೀವು ಅಲ್ಲೇ ಇದ್ರಾ? ನೋಡಿದ್ರಾ?”

“ಇಲ್ಲ” ಎಂದೆ. “ನಾನು ಬೀಗ ಹಾಕ್ತಾ ಇದ್ದೆ.”

ಯಾಕೆ ಹಾಗೆಂದೆ? ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವಳ ಅಣ್ಣನಿಗೆ ಸುದ್ದಿ ಹೋಗುತ್ತದೆ, ಅವನು ನಗುತ್ತಾನೆ ಎನ್ನುವುದು ಒಂದು. ಅಕ್ಕ ನನ್ನನ್ನು ಹೇಗೆ ನೋಡಬಹುದು ಎನ್ನುವುದು ಇನ್ನೊಂದು. ಸಂಜೆ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡೆ. ಸಂಜೆ ಅವಳಿಗೆ ನೋವು ಜಾಸ್ತಿಯಾಗಿತ್ತು. ಮರುದಿನ ಜನ ಬಂದರು. ಮೂರನೆಯ ದಿನ ಹೇಳಿದರೆ ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎನ್ನುವ ಹೆದರಿಕೆ ಹುಟ್ಟಿತು. ಅಲ್ಲಿಂದ ಮುಂದೆ ಪ್ರತಿ ದಿನವೂ ಹಿಂದಿನ ದಿನಕ್ಕಿಂತ ಕಷ್ಟವಾಯಿತು.

ಕೈಗೆ ಆರು ವಾರದ ಪ್ಲಾಸ್ಟರು ಹಾಕಿದರು, ಹಾಗಾದರೆ ತಲೆ ಸುತ್ತಿಯೇ ಬಿದ್ದದ್ದು ಎಂದು ಅದಕ್ಕೂ ಮಾತ್ರೆ ಕೊಟ್ಟರು. ಆ ಮಾತ್ರೆ ತಿಂದರೆ ಅಕ್ಕನಿಗೆ ಮಧ್ಯಾಹ್ನದವರೆಗೂ ತೂಕಡಿಕೆ. ತಲೆ ಸುತ್ತಿದ ದಿನ ಗುರುತು ಹಾಕಿ ಎಂದು ಒಂದು ಕಾಗದ ಕೊಟ್ಟಿದ್ದರು. ಅಕ್ಕ ಎಡಗೈಯಲ್ಲಿ ದಿನಾ ಸೊನ್ನೆ ಬರೆದಳು. ಇಪ್ಪತ್ತು ಸೊನ್ನೆಗಳನ್ನು ನೋಡಿ ಡಾಕ್ಟರಿಗೆ ಬಹಳ ಸಂತೋಷವಾಯಿತು. “ನೋಡಿದ್ರಾ, ಮಾತ್ರೆ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ! ನಿಲ್ಲಿಸ್ಬೇಡಿ” ಎಂದರು. ಇಲ್ಲದ ರೋಗ ವಾಸಿಯಾಗುತ್ತಿರುವುದನ್ನು ನೋಡುತ್ತಾ ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ.

ಕೋಲು ಹೋಗಿ ನಾಲ್ಕು ಕಾಲಿನ ಊರುಗೋಲು ಬಂತು. ಹೆಂಡತಿ ಒಳ್ಳೆಯ ಮನಸ್ಸಿನಿಂದಲೇ, “ಅತ್ತಿಗೆ, ಮೆಟ್ಟಿಲ ಹತ್ರ ಮಾತ್ರ ಹೋಗ್ಬೇಡಿ, ನಿಮ್ಮ ಕೈ ಮುಗೀತೀನಿ” ಎಂದು ಕಾವಲು ಕಾದಳು. ನನ್ನನ್ನು ಕೊಂದದ್ದು ಅಕ್ಕ ಎಲ್ಲರ ಹತ್ತಿರ ಕ್ಷಮೆ ಕೇಳುತ್ತಿದ್ದದ್ದು. ಹೆಂಡತಿ ತಲೆ ಬಾಚಿದರೆ ಕ್ಷಮೆ, ನಾನು ಔಷಧಿ ತಂದರೆ ಕ್ಷಮೆ. “ನನ್ನಿಂದ ನಿಮಗೆಲ್ಲ ತೊಂದರೆ ಕಣೋ” ಎನ್ನುವಳು. ನೆಲ ಬಿರಿದು ನುಂಗಬಾರದೇ ಎಂದು ನಾನು ಕಾಲ ಕೆಳಗೆ ನೋಡುತ್ತಿದ್ದೆ. ಕಾಲ ಕೆಳಗೆ ಗೋಲಿ ಮಲಗಿರುತ್ತಿತ್ತು.

ಐದನೆಯ ವಾರ ಅಕ್ಕ ಕೆಲಸ ಬಿಡುತ್ತೇನೆ ಎಂದಳು. “ತಲೆ ಸುತ್ತೋಳು ಕತ್ತರಿ, ಸೂಜಿ ಹಿಡಿದು ಕೂತ್ಕೊಂಡ್ರೆ ಆಗುತ್ತಾ? ರಸ್ತೆ ದಾಟ್ತಾ ಬಿದ್ರೆ ಯಾರೋ ಪಾಪದ ಡ್ರೈವರ್ ಜೈಲಿಗೆ ಹೋಗ್ತಾನೆ.” ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಅವಳ ಬಲಗೈ ಪ್ಲಾಸ್ಟರಿನಲ್ಲಿ. ರಾಜೀನಾಮೆ ಪತ್ರ ಬರೆಯಲು ನನ್ನನ್ನೇ ಕೂರಿಸಿದಳು. ಅವಳು ಹೇಳಿದಳು, ನಾನು ಬರೆದೆ. ‘ಪದೇ ಪದೇ ತಲೆ ಸುತ್ತುವ ಕಾರಣದಿಂದ’ ಎಂಬಲ್ಲಿ ನನ್ನ ಪೆನ್ನು ನಿಂತಿತು.

“ಯಾಕೋ? ಅಕ್ಷರ ಮರೆತುಹೋಯ್ತಾ?” ಎಂದು ನಕ್ಕಳು.

ಬರೆದೆ. ಮೂವತ್ತು ವರ್ಷ ಬೋರ್ಡು ಬರೆದ ಕೈ, ಸುಳ್ಳನ್ನೂ ದುಂಡಗೆ ಬರೆಯಿತು. ಅಕ್ಕ ಕಾಗದವನ್ನು ದೂರ ಹಿಡಿದು ನೋಡಿ, “ಎಷ್ಟು ಚೆಂದ ಬರಿತೀಯೋ. ಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ಬೇಕು” ಎಂದಳು. ಎಡಗೈಯಲ್ಲಿ ಸೊಟ್ಟಗೆ ರುಜು ಹಾಕಿದಳು. ಗ್ರಂಥಪಾಲಕರು ಮನೆಗೇ ಬಂದು ಪತ್ರ ತೆಗೆದುಕೊಂಡು ಹೋದರು. ಅವರು ಹೋದ ಮೇಲೆ ಅಕ್ಕ ಮಾತ್ರೆ ನುಂಗಿ ಮಲಗಿಬಿಟ್ಟಳು.

ಅದಾದ ಮೇಲೆ ನಾನು ಸೀಟಿ ಮೇಡಂ ಹತ್ತಿರ ಹೋದೆ. ಯಾರದೋ ಪರಿಚಯದವರ ನಾಯಿ ಎಂದು ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮರೆಸಬಹುದು. ಆ ಕೋಲು ಹಿಡೀರಿ, ಮೂತಿ ತಾಗಿಸಿದ್ರೆ ಟಕ್ ಅನ್ಬೇಡಿ, ಏನೂ ಕೊಡ್ಬೇಡಿ. ತಾಗಿಸದೆ ದೂರ ಕೂತ್ರೆ ಮಾತ್ರ ಕೊಡಿ. ಸ್ವಲ್ಪ ದಿನ ಹಿಡಿಯುತ್ತೆ.” ಆಮೇಲೆ ನನ್ನನ್ನು ಒಂದು ಕ್ಷಣ ನೋಡಿದರು. “ಆದ್ರೆ ಮೊದಲು ಆ ಕೋಲು ಯಾರದ್ದೋ ಅವರಿಗೆ ಹೇಳ್ಬೇಕಲ್ವಾ? ನಾಯಿಗೆ ಆಮೇಲೆ ಪಾಠ ಮಾಡಿದ್ರೂ ನಡಿಯುತ್ತೆ.”

ನಾನು ನಾಯಿಯ ಪಾಠವನ್ನೇ ಮೊದಲು ಹಿಡಿದೆ. ಅದು ಮರೆತುಬಿಟ್ಟರೆ, ಅಕ್ಕನಿಗೆ ಮತ್ತೆ ಕೋಲು ಕೊಟ್ಟು, ನಿಧಾನವಾಗಿ ನಡೆಸಿ, ಎಲ್ಲ ಸರಿಯಾಯಿತು ಎಂದುಬಿಡಬಹುದಲ್ಲ! ನನ್ನ ಮಾನವೂ ಉಳಿಯುತ್ತದೆ. ಇಂಥ ಲೆಕ್ಕಾಚಾರದಲ್ಲಿ ನನ್ನ ತಲೆ ಚುರುಕು. ಹೆಂಡತಿ ಕೆಲಸಕ್ಕೆ ಹೋದ ಮೇಲೆ, ಅಕ್ಕ ಮಾತ್ರೆಯ ಮಂಪರಿನಲ್ಲಿರುವಾಗ, ಅಡುಗೆಮನೆಯ ಬಾಗಿಲು ಮುಂದೆ ಮಾಡಿ ದಿನಾ ಕೋಲು ಹಿಡಿದೆ. ಗೋಲಿ ಮೂತಿಯಿಂದ ನೂಕುತ್ತಿತ್ತು, ನನ್ನ ಮುಖ ನೋಡುತ್ತಿತ್ತು, ಏನೂ ಸಿಗದೆ ಇನ್ನೂ ಜೋರಾಗಿ ನೂಕುತ್ತಿತ್ತು.

ನಾಲ್ಕನೆಯ ದಿನ ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಅಕ್ಕ. ಅವತ್ತು ಅವಳು ಮಾತ್ರೆ ತೆಗೆದುಕೊಂಡಿರಲಿಲ್ಲ. ಎರಡು ದಿನದ ಹಿಂದೆ ಪ್ಲಾಸ್ಟರು ಬಿಚ್ಚಿದ್ದರು, ಕೈ ಬಿಳಿಚಿಕೊಂಡು ಸಣ್ಣಗಾಗಿತ್ತು. ನನ್ನ ಕೈಯಲ್ಲಿದ್ದ ತನ್ನ ಕೋಲನ್ನು ನೋಡಿದಳು.

“ಸುಮ್ನೆ ಆಟ ಆಡಿಸ್ತಿದ್ದೆ” ಎಂದೆ. ಆಗಲೂ ಸುಳ್ಳೇ.

ಅವಳು ಬಂದು ಕೋಲು ತೆಗೆದುಕೊಂಡಳು. ಎಡಗೈಯಲ್ಲಿ ಅಡುಗೆಕಟ್ಟೆಯನ್ನು ಗಟ್ಟಿಯಾಗಿ ಹಿಡಿದು, ನಡೆಯುವವಳ ಹಾಗೆ ಕೋಲನ್ನು ಮುಂದೆ ಊರಿದಳು. ಗೋಲಿ ಖುಷಿಯಿಂದ ಹಾರಿ ಬಂದು ಟೋಪಿಯನ್ನು ನೂಕಿತು. ಕೋಲು ಸರ್ರನೆ ಪಕ್ಕಕ್ಕೆ ಹೋಯಿತು. ಗೋಲಿ ಕೂತುಕೊಂಡು ಬಾಲ ಆಡಿಸಿತು. ಅಕ್ಕ ಇನ್ನೊಂದು ಸಲ ಊರಿದಳು. ಮತ್ತೆ ಅದೇ.

“ಅವತ್ತು ಹೀಗಾ?”

“ಹೂಂ.”

“ನಿಂಗೆ ಯಾವತ್ತಿಂದ ಗೊತ್ತು?”

“ಅವತ್ತಿಂದಾನೇ. ನೋಡ್ದೆ. ನಾನೇ ಕಲಿಸಿದ್ದು, ನಿನ್ನ ಕೋಲಿನಲ್ಲೇ.”

ಬೈಯುತ್ತಾಳೆ ಎಂದು ಕಾದೆ. ಬೈದರೆ ಸಾಕಿತ್ತು. ಅವಳು ಕಟ್ಟೆಗೆ ಒರಗಿ ತನ್ನ ಕಾಲುಗಳನ್ನು ನೋಡಿಕೊಂಡಳು.

“ಹಾಗಾದ್ರೆ ನನ್ನ ಕಾಲು ಸರಿಯಾಗೇ ಇತ್ತಾ? ತಲೇನೂ?”

ಹೌದೆಂದು ತಲೆಯಾಡಿಸಿದೆ.

“ಇಷ್ಟು ದಿನ ನಾನು ನನ್ನ ಕಾಲಿಗೆ ಎಷ್ಟು ಬೈದೆ ಗೊತ್ತೇನೋ?” ಎಂದಳು. ಅಷ್ಟು ಹೇಳಿ ಅಳತೊಡಗಿದಳು. ನಾನು ಹತ್ತಿರ ಹೋದೆ, ಕೈ ಅಡ್ಡ ಹಿಡಿದಳು. ಅತ್ತು ಮುಗಿದ ಮೇಲೆ ಮುಖ ತೊಳೆದಳು, ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ಗೋಲಿಗೆ ಕೊಟ್ಟಳು. “ಇದ್ರದ್ದೇನು ತಪ್ಪು. ಹೇಳಿಕೊಟ್ಟಿದ್ದನ್ನ ಮಾಡಿದೆ” ಎಂದಳು. ಆಮೇಲೆ ನನಗೆ, “ನಡಿ, ಗ್ರಂಥಾಲಯಕ್ಕೆ ಹೋಗಿ ಬರೋಣ. ಹೆಗಲು ಗಿಗಲು ಕೊಡೋಕೆ ಬರ್ಬೇಡ. ಹಿಂದೆ ಬಾ” ಎಂದಳು.

ಗೋಲಿಯನ್ನು ಒಳಗೆ ಕೂಡಿ ಹೊರಟೆವು. ಹನ್ನೆರಡು ಮೆಟ್ಟಿಲನ್ನು ಅವಳು ಒಬ್ಬಳೇ ಇಳಿದಳು. ಏಳನೆಯದರಲ್ಲಿ ತುಂಬ ಹೊತ್ತು ನಿಂತಳು. ಕೋಲು ಊರುತ್ತಾಳೆ, ತೆಗೆಯುತ್ತಾಳೆ, ಮತ್ತೆ ಊರುತ್ತಾಳೆ. ನಾಯಿ ಇಲ್ಲ, ಏನೂ ಇಲ್ಲ, ಆದರೂ ಭಾರ ಬಿಡಲು ಆಗುತ್ತಿರಲಿಲ್ಲ. ಕೊನೆಗೆ ಕೆಳಗೆ ಮುಟ್ಟಿದಾಗ ಅವಳ ರವಿಕೆ ಬೆನ್ನಿನಲ್ಲಿ ಒದ್ದೆಯಾಗಿತ್ತು. ಎರಡು ರಸ್ತೆ ದಾಟಲು ಅರ್ಧ ಗಂಟೆ ಹಿಡಿಯಿತು.

ಗ್ರಂಥಾಲಯದ ಓದುವ ಕೋಣೆಯಲ್ಲಿ ಇಪ್ಪತ್ತು ಜನರಿದ್ದರು, ಎಲ್ಲರೂ ತಲೆ ಬಗ್ಗಿಸಿ ಓದುತ್ತಿದ್ದರು. ಮೂಲೆಯಲ್ಲಿ ಅಕ್ಕನ ಮೇಜು, ಅದರ ಮೇಲೆ ಬೆನ್ನು ಕಿತ್ತ ಪುಸ್ತಕಗಳ ರಾಶಿ. ಗ್ರಂಥಪಾಲಕರು ಎದ್ದು ಓಡಿ ಬಂದು ಕುರ್ಚಿ ಎಳೆದರು. “ಒಬ್ಬರೇ ನಡ್ಕೊಂಡು ಬಂದ್ರಾ! ತಲೆ ಸುತ್ತೋದು ಹೇಗಿದೆಯಮ್ಮಾ? ನಿಮ್ಮ ಪತ್ರ ಮೇಲಿನ ಆಫೀಸಿಗೆ ಕಳಿಸಿಯಾಯ್ತು” ಎಂದರು, ಮೆಲ್ಲಗೆ.

ಅಕ್ಕ ಕೂರಲಿಲ್ಲ. “ಹೇಳು” ಎಂದಳು ನನಗೆ.

ನಾನು ಅವರ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದೆ. ಅರ್ಧ ಹೇಳಿ ಅರ್ಧ ನುಂಗಿದೆ. ಅವರು ಏನೂ ತಿಳಿಯದೆ ನನ್ನನ್ನೂ ಅಕ್ಕನನ್ನೂ ನೋಡಿದರು.

“ಜೋರಾಗಿ ಹೇಳು” ಎಂದಳು ಅಕ್ಕ. “ನನಗೆ ತಲೆ ಸುತ್ತುತ್ತೆ ಅಂತ ಇಲ್ಲಿ ಎಲ್ರಿಗೂ ಗೊತ್ತಾಗಿದೆ. ಇದೂ ಎಲ್ರಿಗೂ ಗೊತ್ತಾಗ್ಲಿ.”

ನಾನು ಜೋರಾಗಿ ಹೇಳಿದೆ. “ನನ್ನ ಅಕ್ಕನಿಗೆ ತಲೆ ಸುತ್ತೋದಿಲ್ಲ. ಅವಳ ಕೋಲಿನಲ್ಲಿ ನಾನು ನಾಯಿಗೆ ಆಟ ಕಲಿಸ್ದೆ. ನಾಯಿ ಕೋಲು ನೂಕಿತು, ಅವಳು ಬಿದ್ಲು. ನಾನು ನೋಡಿದ್ದೆ. ನೋಡಿಲ್ಲ ಅಂತ ಸುಳ್ಳು ಹೇಳ್ದೆ. ರಾಜೀನಾಮೆ ಪತ್ರಾನೂ ನಾನೇ ಬರ್ದೆ.” ಇಪ್ಪತ್ತು ತಲೆಗಳೂ ಎದ್ದವು. ಯಾರೋ ಒಬ್ಬರು ಛೇ ಎಂದರು.

ಗ್ರಂಥಪಾಲಕರು ತಮ್ಮ ಮೇಜಿನ ಖಾನೆ ತೆರೆದರು. ಆಮೇಲೆ, ಹಿಂದಿನ ಪತ್ರ ವಾಪಸು ಪಡೆಯುತ್ತೇನೆಂದು ಇನ್ನೊಂದು ಪತ್ರ ಕೊಟ್ಟು ನೋಡಿ, ಮೇಲಿನ ಆಫೀಸಿನವರು ಒಪ್ಪಿದರೆ ಒಪ್ಪಿದರು, ಇಲ್ಲದಿದ್ದರೆ ಇಲ್ಲ ಎಂದು ಒಂದು ಕಾಗದ ಮುಂದಿಟ್ಟರು. ನಾನು ಅಭ್ಯಾಸಬಲದಿಂದ ಪೆನ್ನಿಗೆ ಕೈ ಚಾಚಿದೆ.

“ಬೇಡ” ಎಂದಳು ಅಕ್ಕ. “ನೀನು ಬರೆದದ್ದು ಸಾಕು.”

ಅವಳು ತನ್ನ ಮೇಜಿಗೆ ಹೋಗಿ ಕೂತಳು. ಬಾಗದ ಬಲಗೈಯಲ್ಲಿ ಪೆನ್ನು ಹಿಡಿದು ಒಂದೊಂದೇ ಅಕ್ಷರ ಬರೆಯತೊಡಗಿದಳು. ಗೆರೆ ನಡುಗುತ್ತಿತ್ತು. ನಾಲ್ಕು ಸಾಲು ಬರೆಯಲು ಮುಕ್ಕಾಲು ಗಂಟೆಯಾಯಿತು. ಅಷ್ಟು ಹೊತ್ತೂ ನಾನು ಆ ಇಪ್ಪತ್ತು ಜನರ ಮುಂದೆ ನಿಂತಿದ್ದೆ. ಕೂತ್ಕೋ ಎಂದು ಅವಳು ಹೇಳಲಿಲ್ಲ.